ಗುಂಡು ಅಕ್ಷರದ ಫಿಕ್ರಿ

ಅಂದು ಬುಧವಾರ. ನೈಲ್ ದಂಡೆಯ ಮನ್ಸೂರಾದಲ್ಲಿ, ಶಿಶುವಿಹಾರದ ಗೋಡೆಯ ಮೇಲೆ ಫಿಕ್ರಿ ಸೀಮೆಸುಣ್ಣದಲ್ಲಿ ಅಕ್ಷರ ಎಳೆಯುತ್ತಿದ್ದ. ಹೆಂಡತಿ ಇನ್ಸಾಫ್ ಹಿಂದೆಯೇ ಬಣ್ಣ ತುಂಬುತ್ತ ಬರುತ್ತಿದ್ದಳು. ಮೂವತ್ತು ವರ್ಷದಿಂದ ಹೀಗೆಯೇ. ಸೀಮೆಸುಣ್ಣದ ಗೆರೆಯ ಮೇಲೆ ಕುಂಚದಲ್ಲಿ ಎಳೆಯುವ ಅಂಚು ಅವನದು, ಒಳಗಿನ ಹೊಟ್ಟೆ ಅವಳದು. ಅವಳು ಶಾಲೆಗೆ ಹೋದದ್ದು ಎರಡೇ ವರ್ಷ.

ಮೂಲೆಯಿಲ್ಲದ, ಉಬ್ಬಿದ ಗುಂಡು ಅಕ್ಷರಕ್ಕೆ ಆ ಊರಲ್ಲಿ ಫಿಕ್ರಿಯದೇ ಕೈ. ಆದರೆ ಕೇಳಿದವರಿಗೆಲ್ಲ ಬರೆದುಕೊಡುತ್ತಿರಲಿಲ್ಲ. ಮಿಠಾಯಿ ಅಂಗಡಿಗೆ ಸರಿ, ಕಬ್ಬಿನ ಹಾಲಿನ ಗಾಡಿಗೆ ಸರಿ. ವಕೀಲರಿಗೆ ಇಲ್ಲ, ಔಷಧಿ ಅಂಗಡಿಗೆ ಇಲ್ಲ. ಅಂದೂ ಸಾವಿನ ಮನೆಗಳಿಗೆ ಶಾಮಿಯಾನ ಬಾಡಿಗೆ ಕೊಡುವ ಹಿಲ್ಮಿ ಬಂದು ಗೋಡೆ ನೋಡುತ್ತ ನಿಂತ.

"ಉಸ್ತಾದ್, ನನ್ ಬೋರ್ಡಿಗೂ ಇದನ್ನೇ ಹಾಕ್ಬಿಡು."

"ಹಾಕ್ತೀನಿ. ಅಳೋಕೆ ಬಂದೋರು ಐಸ್‌ಕ್ರೀಮ್ ಎಲ್ಲಿ ಅಂತ ಕೇಳಿದ್ರೆ ನೀನೇ ತಂದ್ಕೊಡು."

"ಚೆನ್ನಾಗಿದೆ ಅಂತ ಕೇಳಿದ್ನಪ್ಪ!"

"ನಿಂಗೆ ನೆಟ್ಟಗಿರೋ ಅಕ್ಷರ ಬರೀತೀನಿ ಹೋಗು. ದುಃಖದಲ್ಲಿರೋರ ಮುಂದೆ ಬೋರ್ಡು ಹಲ್ಲು ಕಿರೀಬಾರ್ದು."

ಸಂಜೆಗೆ ಕೊನೆಯ ಎರಡು ಅಕ್ಷರ ಸೀಮೆಸುಣ್ಣದ ಗೆರೆಯಲ್ಲೇ ಉಳಿದವು. "ನಾಳೆ ಮುಗಿಸೋಣ ಕಣೆ" ಎಂದ. ಮನೆಗೆ ಬಂದು ರೊಟ್ಟಿ, ಬೇಯಿಸಿದ ಕಾಳು, ಹಸಿ ಈರುಳ್ಳಿ ತಿಂದು ಮಲಗಿದ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಅದು ಮರಳುಗಾಳಿಯ ತಿಂಗಳು. ಅವನನ್ನು ಮಣ್ಣು ಮಾಡಿದ ಕೂಡಲೇ ಇನ್ಸಾಫ್ ಹಾಸಿಗೆಯ ಚಾದರ ಒಯ್ದು, ಗೋಡೆಗೆ ತಾಗದ ಹಾಗೆ ಕೋಲು ಕೊಟ್ಟು, ಆ ಎರಡು ಅಕ್ಷರಗಳ ಮುಂದೆ ಕಟ್ಟಿದಳು.

ನಾದಿನಿ ರತೀಬಾ ಉರಿದುಬಿದ್ದಳು. "ನಮ್ಮಣ್ಣ ಮಣ್ಣಲ್ಲಿದಾನೆ, ನಿಂಗೆ ಗೋಡೆ ಚಿಂತೆಯೇನೇ?"

"ಅವನ ಕೈಯದ್ದು ಕೊನೇದು ಅದೇ. ಗಾಳಿಗೆ ಹೋದ್ರೆ ಮತ್ತೆ ಎಲ್ಲಿಂದ ತರ್ಲಿ?"

ಮೂರು ದಿನ ಜನ ಬಂದರು, ಕಾಫಿ ಕುಡಿದು ಹೋದರು. ನಾಲ್ಕನೆಯ ದಿನ ಅವಳು ಬಣ್ಣದ ಡಬ್ಬಿ ಹಿಡಿದು ಹೊರಟಳು.

"ಬೇರೆ ಪೇಂಟರ್ ಕರೆಸ್ಲಾ?" ಶಿಶುವಿಹಾರ ನಡೆಸುವ ಮಾಜಿದಾ ಮೆಲ್ಲಗೆ ಕೇಳಿದಳು. "ನೀನು ಅಂಚು ಎಳೆದವಳಲ್ಲ."

"ಬೇರೆಯವ್ರು ಬಂದ್ರೆ ಮೊದ್ಲು ಇದನ್ನ ಒರೆಸ್ತಾರೆ ಮೇಡಂ."

ಚಾದರ ತೆಗೆದಳು. ಗೆರೆ ಮಸುಕಾಗಿತ್ತು, ಆದರೆ ಇತ್ತು. ತಿರುವಿನಲ್ಲಿ ಕುಂಚ ನಿಂತರೆ ಮೂಲೆ ಬೀಳುತ್ತದೆಂದು ಫಿಕ್ರಿ ಉಸಿರು ಹಿಡಿದು ಒಂದೇ ಎಳೆತಕ್ಕೆ ಸುತ್ತುತ್ತಿದ್ದ. ಅವಳೂ ಉಸಿರು ಹಿಡಿದಳು. ಮೊದಲನೆಯದು ಬಂತು. ಎರಡನೆಯದರಲ್ಲಿ ಅಳು ಒತ್ತರಿಸಿ ಕೈ ಗೆರೆಯ ಹೊರಕ್ಕೆ ದಾಟಿತು. ನಿಲ್ಲಿಸಲಿಲ್ಲ. ದಾಟಿದಲ್ಲಿಂದಲೇ ಸುತ್ತಿ ಮುಗಿಸಿದಳು. ಫಿಕ್ರಿಯ ಗೆರೆ ಬಣ್ಣದ ಒಳಗೆ ಉಳಿಯಿತು.

"ಅಯ್ಯೋ, ಇದೊಂದು ಬಸುರಿ ಆಯ್ತಲ್ಲೇ!" ಎಂದಳು ಮಾಜಿದಾ.

ಇನ್ಸಾಫ್ ನಕ್ಕಳು. ಆಮೇಲೆ ಅಲ್ಲೇ ಕುಳಿತು ತುಂಬ ಹೊತ್ತು ಅತ್ತಳು.

ಮಕ್ಕಳಿಗೆ ಆ ದಪ್ಪ ಅಕ್ಷರವೇ ಇಷ್ಟ. ಮನೆಗೆ ಹೋಗುವಾಗ ಹಲ್ವಾ ತಿಂದ ಕೈಯಲ್ಲಿ ಒಬ್ಬೊಬ್ಬರೂ ಅದರ ಹೊಟ್ಟೆ ತಟ್ಟುತ್ತಾರೆ. ದಿನಾ ಬೆಳಿಗ್ಗೆ ಗೇಟು ತೆರೆಯುವ ಮೊದಲು ಇನ್ಸಾಫ್ ಒದ್ದೆ ಬಟ್ಟೆ ತಂದು ಆ ಜಿಡ್ಡು ಒರೆಸಿ ಹೋಗುತ್ತಾಳೆ.