ಬಾಬಾನ ಕಾಲಿಗೆ ಸಾಲದ ಗಲೀಫು

ಆಯಿಷಾ, ಸಮೀರ, ನನ್ನ ಮೊಮ್ಮಕ್ಕಳೇ, ನಿಮ್ಮೆದುರು ಕುಳಿತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಅಕ್ಕೋಳದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಕಬ್ಬಿನ ಹೊಲದ ನಡುವೆ, ಒಬ್ಬ ಪೀರರ ಗೋರಿ ಇತ್ತು. ಊರೆಲ್ಲ ಅವರನ್ನು ಬಾಬಾ ಎನ್ನುತ್ತಿತ್ತು. ಹೊಲ ನಾವೆಲ್ಲ ಆಯಿ ಎನ್ನುತ್ತಿದ್ದ ಲಿಂಗಾಯತರ ಮನೆಯ ಅಜ್ಜಿಯದು. ವರ್ಷಕ್ಕೊಮ್ಮೆ ನಡೆಯುವ ಬಾಬಾನ ಉರುಸಿಗೆ ಮೊದಲು ಗೋರಿಗೆ ಸುಣ್ಣ ಬಳಿಸುವುದು ಆಯಿಯ ಮನೆಯ ಪಾಲು. ಹಸಿ ಸುಣ್ಣದ ವಾಸನೆಯೂ ಊದಿನ ಹೊಗೆಯೂ ಕೂಡಿ ಬಂದರೆ ಉರುಸು ಬಂತೆಂದೇ ಅರ್ಥ. ಬಾಬಾ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾರೆ ಎಂದು ನಾವು ಮಕ್ಕಳು ನಂಬಿದ್ದೆವು.

ಆ ವರ್ಷ ಅಕ್ಕ ತುಂಬಿದ ಬಸುರಿಯಾಗಿ ತವರಿಗೆ ಬಂದಿದ್ದಳು. ಅದಕ್ಕೂ ಮೊದಲು ಹುಟ್ಟಿದ ಅವಳ ಕೂಸುಗಳು ಉಳಿದಿರಲಿಲ್ಲ. ನಮ್ಮೂರಲ್ಲಿ ಒಂದು ರೂಢಿ ಇತ್ತು. ಹರಕೆ ಹೊತ್ತವಳು ಗೋರಿಗೆ ಹೊದಿಸುವ ಬಟ್ಟೆಯನ್ನು, ಅಂದರೆ ಗಲೀಫನ್ನು, ಕೈಯಾರೆ ಹೊಲಿದು ತರಬೇಕು. ಅದು ಬಾಬಾನ ಮೈಮೇಲೆ ಏರಿದರೆ, ಇಳಿಸಿದ ಹಳೆಯ ಗಲೀಫು ಅವಳಿಗೆ. ಅದರಿಂದ ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುತ್ತಿದ್ದರು. ಅಕ್ಕನಿಗೆ ಆ ಹಳೆಯ ಬಟ್ಟೆ ಬೇಕೇ ಬೇಕಾಗಿತ್ತು. ಹಾಗೆಂದು ಅವಳು ನಿಪ್ಪಾಣಿಯ ದವಾಖಾನೆಗೆ ಹೋಗುವುದನ್ನೂ ತಪ್ಪಿಸಲಿಲ್ಲ. ಯಾವುದನ್ನೂ ಬಿಡುವವಳಲ್ಲ ಅವಳು.

ಅಪ್ಪನ ತಮ್ಮ, ನಮ್ಮ ಕಾಕಾ, ದೂರದ ಮದರಸಾದಲ್ಲಿ ಓದಿ ಆಗಷ್ಟೇ ಊರಿಗೆ ಬಂದಿದ್ದರು. ಅಕ್ಕ ಹಸಿರು ಮಖಮಲ್ಲಿಗೆ ಜರಿ ಹಚ್ಚುತ್ತಿದ್ದುದನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಗೋರಿ ಮುಂದ ಬೇಡಬಾರದವ್ವ. ಬೇಡೂದು ಅಲ್ಲಾಗ ಅಷ್ಟ."

ಅಕ್ಕ ಸೂಜಿ ನಿಲ್ಲಿಸಲಿಲ್ಲ. "ನಾನೂ ಅಲ್ಲಾಗ ಬೇಡಾಕತ್ತೀನಿ ಕಾಕಾ. ಒಬ್ಬಾಕಿನ ಹೋಗಿ ಬೇಡಾಕ ಅಂಜಿಕಿ ಬರತೈತಿ. ಅದಕ್ಕ ಬಾಬಾನ ಸಂಗಾಟ ಕರ್ಕೊಂಡೇನಿ."

"ಇದಕ್ಕ ಜವಾಬು ಮದರಸಾದಾಗ ಕಲಿಸಲಿಲ್ಲೇನಲೇ?" ಎಂದು ಅಪ್ಪ ನಕ್ಕರು. ಕಾಕಾ ನಗಲಿಲ್ಲ.

ಉರುಸಿನ ದಿನ ಹೆಂಗಸರೆಲ್ಲ ದರ್ಗಾದ ಹೊಸ್ತಿಲ ಹೊರಗೆ ನಿಂತರು. ಒಳಗೆ ಹೋಗುವ ರೂಢಿ ಅವರಿಗಿರಲಿಲ್ಲ, ಸಣ್ಣ ಹುಡುಗಿಯರಿಗೆ ಮಾತ್ರ ಇತ್ತು. ಹಾಗಾಗಿ ಗಲೀಫಿನ ಒಂದು ತುದಿ ನನ್ನ ಕೈಗೆ ಬಂತು. ಗೋರಿ ನೋಡಿಕೊಳ್ಳುವ ಮುಜಾವರ ಅಜ್ಜ ಹಳೆಯದನ್ನು ಇಳಿಸಿದರು. ಹೊಸದನ್ನು ಹಾಸಿದೆವು. ತಲೆಯ ಕಡೆ ಸರಿಯಾಗಿ ಕೂತಿತು. ಕಾಲಿನ ಕಡೆ ನಾಲ್ಕು ಬೆರಳು ಬಿಳಿ ಸುಣ್ಣ ಹಾಗೇ ಉಳಿಯಿತು.

ಅವ್ವ ತನ್ನ ಹರಕೆಯ ಕಾಲದಲ್ಲಿ ಗೋರಿಯನ್ನು ಅಳೆದಿದ್ದ ದಾರ ಪೆಟ್ಟಿಗೆಯಲ್ಲಿತ್ತು. ಅಕ್ಕ ಅದನ್ನೇ ನಂಬಿ ಬಟ್ಟೆ ಕತ್ತರಿಸಿದ್ದಳು. ಅಂದಿನಿಂದ ಬಳಿದ ಸುಣ್ಣವೆಲ್ಲ ಪದರ ಪದರವಾಗಿ ಕೂತು ಬಾಬಾ ನಿಜವಾಗಿಯೂ ಬೆಳೆದಿದ್ದರು.

"ಕಾಲು ಬಯಲಿಟ್ಟು ಗಲೀಫು ಏರಸಾಕ ಬರಂಗಿಲ್ಲವ್ವ," ಎಂದರು ಅಜ್ಜ. "ಮುಂದಿನ ಉರುಸಿಗೆ ತಗೊಂಡು ಬಾ."

"ನನ್ನ ಹೊಟ್ಯಾಗಿಂದು ಮುಂದಿನ ಉರುಸಿನ ತನಕ ಕಾಯತೈತೇನ್ರಿ ಅಜ್ಜಾರ?" ಅಕ್ಕ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. "ಸೂಜಿ ಐತಿ, ದಾರ ಐತಿ. ತುಂಡು ಅರಿವಿ ಸಿಗೂತನಕ ನಾ ಏಳಂಗಿಲ್ಲ."

ಆಯಿ ಮುಂದೆ ಬಂದರು. "ನಮ್ಮ ಸುಣ್ಣಾನ ತಪ್ಪು ಮಾಡೈತಿ ಅಜ್ಜಾ, ಹುಡುಗಿದೇನು ತಪ್ಪು? ನನ್ನ ಸೆರಗ ಹರಕೋ."

"ಉಟ್ಟದ್ದು ನಡೆಯಂಗಿಲ್ರಿ ಆಯಿ. ಹೊಸಾದ ಬೇಕು."

ನಿಪ್ಪಾಣಿಗೆ ಹೋಗಿ ಬರುವಷ್ಟರಲ್ಲಿ ಉರುಸು ಮುಗಿಯುತ್ತಿತ್ತು. ಬಿಸಿಲು ಏರುತ್ತಿತ್ತು. ಅಕ್ಕನ ಮುಖದಿಂದ ಬೆವರು ಇಳಿಯುತ್ತಿದ್ದರೂ ಅವಳು ಅಲುಗಾಡಲಿಲ್ಲ. ಅಲ್ಲಿಯವರೆಗೂ ಬದುವಿನ ಬೇವಿನ ಕೆಳಗೇ ನಿಂತಿದ್ದ ಕಾಕಾ ಮೆಲ್ಲಗೆ ಬಂದರು. ತಮಗೆಂದು ತಂದಿದ್ದ, ಮಡಿಕೆ ಬಿಚ್ಚದ ಹಸಿರು ರುಮಾಲನ್ನು ಚೀಲದಿಂದ ತೆಗೆದು ಅಕ್ಕನ ಮಡಿಲಲ್ಲಿ ಇಟ್ಟರು.

"ಇದು ಗೋರಿಗಲ್ಲ. ನಿನಗ ಕೊಟ್ಟದ್ದು. ಏನರ ಮಾಡಕೋ."

ಅಷ್ಟು ಹೇಳಿ ಮತ್ತೆ ಬೇವಿನ ಕೆಳಗೆ ಹೋಗಿ ನಿಂತರು. ಅಕ್ಕ ಅಲ್ಲೇ ಕುಳಿತು ಹೊಲಿದಳು. ಮಖಮಲ್ಲಿನ ಹಸಿರೇ ಬೇರೆ, ರುಮಾಲಿನ ಹಸಿರೇ ಬೇರೆ. ಆದರೂ ಬಾಬಾನ ಕಾಲು ಮುಚ್ಚಿತು. ಅಜ್ಜ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿ ಎಲ್ಲರಿಗೂ ಹಂಚಿದರು. ಮಾಸಿದ ಹಳೆಯ ಗಲೀಫು ಅಕ್ಕನ ತೋಳಿಗೆ ಬಂತು. ಅತ್ತರು, ಊದು, ಸುಣ್ಣ, ಎಲ್ಲದರ ವಾಸನೆಯೂ ಅದರಲ್ಲಿತ್ತು.

ಪ್ರತಿ ಈದ್‌ಗೆ ನಿಮಗೆ ಶಿರಕುರಮಾ ಪಾಯಸ ಕಳಿಸುವ ರಾಯಬಾಗದ ಅತ್ತೆ ಇದ್ದಾಳಲ್ಲ, ಅವಳೇ ಆ ಕೂಸು. ದವಾಖಾನೆಯ ಔಷಧಿಯಿಂದಲೋ ಬೇಡಿಕೆಯಿಂದಲೋ ಎಂದು ಅಕ್ಕ ಎಂದೂ ಬೇರೆ ಮಾಡಿ ನೋಡಲಿಲ್ಲ. ಕೂಸಿನ ಕಿವಿಯಲ್ಲಿ ಅಜಾನ್ ಹೇಳಿದವರು ಕಾಕಾ. ಕುಂಚಿಗೆಯ ಅಂಚನ್ನು ತಾವೇ ಬೆರಳಿನಿಂದ ಸರಿಸಿ ಹೇಳಿದರು. ಮುಂದೆಯೂ ಅವರು ಆ ಹೊಸ್ತಿಲು ದಾಟಲಿಲ್ಲ. ಅಕ್ಕನೂ ಹೋಗುವುದನ್ನು ಬಿಡಲಿಲ್ಲ. ರುಮಾಲಿನ ಆ ತುಂಡು ಮರುವರ್ಷ ಗಲೀಫಿನ ಜೊತೆ ಇಳಿದು ಆಯಿಯ ಮೊಮ್ಮಗನ ಕುಂಚಿಗೆಯಾಯಿತು.

ಈಗ ಬಾಬಾನ ಗೋರಿಗೆ ಟೈಲ್ಸ್ ಹಾಕಿದ್ದಾರೆ. ಇನ್ನು ಅವರು ಬೆಳೆಯುವುದಿಲ್ಲ. ಗಲೀಫು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಯಾರೂ ದಾರ ಹಿಡಿದು ಅಳೆಯುವುದಿಲ್ಲ. ದರ್ಗಾಕ್ಕೆ ಹೋಗುವುದು ಸರಿಯೋ ತಪ್ಪೋ ಎಂದು ನೀವಿಬ್ಬರೂ ಮೊಬೈಲ್ ನೋಡಿ ಜಗಳಾಡುತ್ತೀರಿ. ಆಡಿರಿ. ಹೋಗುವುದು, ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಜಗಳ ಮುಗಿಯುವ ಮೊದಲು ಒಬ್ಬರ ಮಡಿಲಿಗೆ ಏನು ಬೇಕಾಗಿದೆ ಎಂದು ಒಬ್ಬರು ನೋಡಿರಿ, ಅಂದು ಕಾಕಾ ನೋಡಿದ ಹಾಗೆ.

ಅಕ್ಕನ ಕೂಸಿನ ಆ ಕುಂಚಿಗೆ ಈಗ ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮಿಬ್ಬರನ್ನೂ ಮೊದಲ ದಿನ ಸುತ್ತಿದ್ದು ಅದರಲ್ಲೇ. ಈ ಹಾಳೆಗಳನ್ನೂ ಅದರಲ್ಲೇ ಸುತ್ತಿ ಇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿರಿ, ಊದು, ಸುಣ್ಣದ ಆ ವಾಸನೆ ಕೆಟ್ಟುಬಿಡುತ್ತದೆ.