ಏನೂ ಹಾಕದ ಟ್ಯೂಬು

ನಮ್ಮ ಚೈತ್ರ ಪಾಸಾದಳು! ಇವತ್ತು ಮಧ್ಯಾಹ್ನ ಮೂರು ಗಂಟೆಗೆ. ಪಿಎಚ್.ಡಿ.ಗೆ ಕೊನೆಯದಾಗಿ ಒಂದು ಪರೀಕ್ಷೆ ಇರುತ್ತದಂತೆ, ದೊಡ್ಡ ದೊಡ್ಡವರು ಎದುರಿಗೆ ಕೂತು ಬಾಯಲ್ಲಿ ಪ್ರಶ್ನೆ ಕೇಳುವುದು. ಅದನ್ನು ಮುಗಿಸಿ ಈಚೆ ಬಂದವಳು ಫೋನಿನಲ್ಲಿ "ಅಜ್ಜಿ, ಆಯ್ತು ಕಣಜ್ಜಿ" ಅಂದಳು, ಅಷ್ಟೆ. ನಾನು ಸಕ್ಕರೆ ಡಬ್ಬಿ ಹಿಡಿದು ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಬಾಗಿಲು ತೆರೆದಿದ್ದ ಮನೆಗಳಿಗೆಲ್ಲ ಹೋಗಿ ಬಂದೆ. ಬಾಗಿಲು ಹಾಕಿಕೊಂಡಿದ್ದವರನ್ನು ತಟ್ಟಿ ಎಬ್ಬಿಸಿ ಬಾಯಿಗೆ ಹಾಕಿದೆ. ಮನೆಗೆ ಬಂದು ಕೂತ ಮೇಲೆ ಗುಬ್ಬಿಯ ಗಂಗಾಧರಯ್ಯನವರು ಕಣ್ಣ ಮುಂದೆ ಬಂದರು. ಬಂದದ್ದೂ ಹೇಗೆ, ಕಣ್ಣು ಮುಚ್ಚಿಕೊಂಡೇ.

ಅವರು ರಕ್ತ ತೆಗೆಯುವ ಮುಂಚೆ ಕಣ್ಣು ಮುಚ್ಚುತ್ತಿದ್ದರು. ಬಂದವರ ತೋಳಿಗೆ ಪಟ್ಟಿ ಬಿಗಿದು, ಮೊಣಕೈಯ ಒಳಗಡೆ ಹೆಬ್ಬೆರಳಿಟ್ಟು, ದೇವರ ಮುಂದೆ ನಿಂತವರ ಹಾಗೆ ಸುಮ್ಮನಾಗಿಬಿಡುವರು. ಹೊಸಬರಿಗೆ ಜೀವವೇ ಹೋಗುತ್ತಿತ್ತು. "ಯಾಕ್ ಸ್ವಾಮಿ, ಕಣ್ ಮುಚ್ಕೊಂಡು ಚುಚ್ತೀರ?" ಎಂದು ಒಬ್ಬ ಎದ್ದೇ ಬಿಟ್ಟಿದ್ದ. "ಚುಚ್ಚೋವಾಗ ತೆಗೀತೀನಿ, ಕೂತ್ಕೊಳಪ್ಪ. ನರ ಕಣ್ಣಿಗೆ ಸಿಕ್ಕಲ್ಲ, ಬೆರಳಿಗೆ ಸಿಗ್ತದೆ" ಅಂದರು ಇವರು.

ತುಮಕೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಲ್ಯಾಬಿತ್ತು, ಈಗಿಲ್ಲ. ಅವರು ಗುಬ್ಬಿಯಿಂದ ದಿನಾ ಬೆಳಿಗ್ಗೆ ರೈಲಿಗೆ ಬಂದು ರಕ್ತ ಪರೀಕ್ಷೆ ಮಾಡುತ್ತಿದ್ದರು. ನಮ್ಮ ಯಜಮಾನರು ಹೋದ ಮೇಲೆ ನಾನು ಅಲ್ಲಿ ಟ್ಯೂಬು ತೊಳೆಯುವ ಕೆಲಸಕ್ಕೆ ಸೇರಿದೆ. ಓದಿದ್ದು ನಾಲ್ಕನೇ ಕ್ಲಾಸು, ಗಾಜು ತೊಳೆಯೋಕೆ ಅಷ್ಟು ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ತೊಳೆದಿಟ್ಟ ಟ್ಯೂಬಿಗೆ ಅವರು ನೀರು ಬಿಟ್ಟು ಬೆಳಕಿಗೆ ಹಿಡಿಯುವರು. ನೀರು ತೆಳ್ಳಗೆ ಜಾರಿದರೆ ಸರಿ. ಗಾಜಿನ ಮೇಲೆ ಹನಿಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ ಅಂತ. ಒಂದು ಗೌರಿ ಹಬ್ಬದ ಹಿಂದಿನ ದಿನ ಅವಸರದಲ್ಲಿ ತೊಳೆದು ಓಡಿಬಿಟ್ಟಿದ್ದೆ. ಹಬ್ಬ ಮುಗಿಸಿ ಬಂದರೆ ಮೇಜಿನ ಮೇಲೆ ಟ್ಯೂಬುಗಳ ಸಾಲು ನನ್ನನ್ನೇ ಕಾಯುತ್ತಿದೆ.

"ರಂಗಮ್ಮ, ಇದ್ರಲ್ಲಿ ಮೂರು ಜನ ನನ್ ಮೇಲೆ ಮುನಿಸ್ಕೊಂಡವ್ರೆ. ಯಾರು ಅಂತ ಹುಡುಕು."

ಹುಡುಕಿದೆ. ಮತ್ತೆ ತೊಳೆದೆ. ಆಗ ಹೇಳಿದರು: "ಸೋಪು ಉಳಿದ್ರೆ ರಕ್ತ ಒಡೀತದೆ ಕಣಮ್ಮ. ಒಡೆದ ರಕ್ತ ಸುಳ್ ಹೇಳ್ತದೆ. ಅದನ್ನ ಡಾಕ್ಟ್ರು ನಂಬ್ತಾರೆ, ಡಾಕ್ಟ್ರುನ್ನ ಕಾಯಿಲೆಯೋನು ನಂಬ್ತಾನೆ."

ಅವರೂ ತಪ್ಪು ಮಾಡಿದ್ದುಂಟು. ಒಂದು ಸಲ ಗೂಳೂರಿನ ಹೆಂಗಸೊಬ್ಬಳ ರಿಪೋರ್ಟು ಕೊಟ್ಟು ಕಳಿಸಿದ ಮೇಲೆ, ಎರಡು ಟ್ಯೂಬಿನ ಚೀಟಿ ಅದಲುಬದಲಾಗಿರಬಹುದು ಎಂದು ಅನುಮಾನ ಬಂತು. ಲ್ಯಾಬಿನ ಯಜಮಾನರು "ಸುಮ್ನಿರ್ರಿ, ಯಾರಿಗ್ ಗೊತ್ತಾಗ್ತದೆ" ಅಂದರು. "ನನಗ್ ಗೊತ್ತಾಯ್ತಲ್ಲ ಸಾರ್" ಎಂದು ಯಾರದೋ ಸೈಕಲ್ಲು ಇಸ್ಕೊಂಡು ಗೂಳೂರಿಗೆ ಹೊರಟೇಬಿಟ್ಟರು. ಮಾರನೆಯ ದಿನ ನಾನು ಕೇಳಿದೆ, ಏನಂದ್ರು ಸಾರ್ ಅಂತ.

"ಬೈದ್ರು. ಚೆನ್ನಾಗೇ ಬೈದ್ರು. ಆಮೇಲೆ ಎರಡು ಎಳನೀರು ಕೊಚ್ಚಿ ಕೊಟ್ರು. ಬೈದಿದ್ದಕ್ಕೊಂದು, ಬಂದಿದ್ದಕ್ಕೊಂದು."

ಇನ್ನು ಚೈತ್ರಳ ವಿಷಯ. ಮೊದಲು ಲ್ಯಾಬ್ ಕೋರ್ಸು ಮಾಡಿ, ಆಮೇಲೆ ಇನ್ನೂ ಓದಿ, ಸಂಶೋಧನೆಗೆ ಅವಳು ಹಿಡಿದದ್ದು ನ್ಯಾನೊ ಕಣ. ಅಂದರೇನೇ ಎಂದು ಕೇಳಿದರೆ, "ಒಂದು ರಾಗಿ ಕಾಳು ಬೀಸು ಅಜ್ಜಿ, ಆ ಹಿಟ್ಟನ್ನ ಮತ್ತೆ ಬೀಸು, ಮತ್ತೆ ಬೀಸು, ಕಣ್ಣಿಗೆ ಕಾಣದೆ ಹೋದ್ಮೇಲೂ ಬೀಸ್ತಾನೇ ಇರು. ಅಷ್ಟು ಸಣ್ಣದು. ನಂದು ಬೆಳ್ಳೀದು" ಅಂದಳು. ಅಂಥ ಕಣದ ಬೆನ್ನ ಮೇಲೆ ಔಷಧಿ ಕೂರಿಸಿ ಮೈಯೊಳಗೆ ಕಳಿಸಬಹುದಂತೆ. ಆದರೆ ಅದು ರಕ್ತಕ್ಕೆ ಬಿದ್ದಾಗ ರಕ್ತದ ಕಣ ತಡೆಯುತ್ತದೋ, ಒಡೆಯುತ್ತದೋ? ಅದೇ ಇವಳ ಪರೀಕ್ಷೆ. ಒಪ್ಪಿ ಸಹಿ ಹಾಕಿದ ಆರೋಗ್ಯವಂತರಿಂದ ಎರಡು ಚಮಚದಷ್ಟು ರಕ್ತ ತೆಗೆದು, ಅದರ ಕೆಂಪು ಕಣಗಳನ್ನು ಉಪ್ಪುನೀರಿಗೆ ಬಿಟ್ಟು, ಬೆಳ್ಳಿ ಕಣ ಬೆರೆಸುತ್ತಾಳೆ. ರಕ್ತಕಣ ಒಡೆದರೆ ನೀರು ಕೆಂಪಾಗುತ್ತದೆ. ನಾನೂ ಕೈ ಚಾಚಿದ್ದೆ. "ನೀನು ಬಿಪಿ ಮಾತ್ರೆ ನುಂಗ್ತೀಯ, ಆಗಲ್ಲ" ಎಂದು ನನ್ನ ಮೊಮ್ಮಗಳೇ ನನ್ನ ರಕ್ತವನ್ನು ಬೇಡ ಅಂದಳು!

ನಾಲ್ಕು ತಿಂಗಳು ನೀರು ಕೆಂಪಾಗುತ್ತಲೇ ಇತ್ತು. ಈ ಕಣ ಕೆಟ್ಟದ್ದು ಎಂದು ಬರೆದೂ ಆಯಿತು. ಆಮೇಲೊಂದು ಸಂಜೆ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಪ್ರತಿ ಸಾಲಿನಲ್ಲೂ ಬೆಳ್ಳಿ ಗಿಳ್ಳಿ ಏನೂ ಹಾಕದ ಒಂದು ಟ್ಯೂಬನ್ನು ಪಕ್ಕಕ್ಕಿಡುತ್ತಾರಂತೆ, ಹೋಲಿಸಿ ನೋಡೋಕೆ. ಅದು ತಿಳಿಯಾಗಿರಬೇಕು. ಅದೂ ಕೆಂಪು. ಮೊದಮೊದಲು ಅದನ್ನು ಇವಳು ಅಷ್ಟಾಗಿ ಗಮನಿಸಿರಲಿಲ್ಲ.

"ಏನೂ ಹಾಕ್ದೇನೇ ಒಡೀತಾ ಐತಲ್ಲ ಅಜ್ಜಿ" ಅಂದಳು.

ಒಡೆದ ರಕ್ತ ಅನ್ನುವುದು ಎಲ್ಲಿ ಕೇಳಿದ ಮಾತು ಎಂದು ನನಗೆ ಹುಡುಕಬೇಕಾಗಲಿಲ್ಲ. "ಏಳೇ, ಮುಖ ತೊಳ್ಕೊ. ಬೆಳಿಗ್ಗೆ ಗುಬ್ಬಿಗೆ ಹೋಗಾಣ" ಅಂದೆ.

ಗಂಗಾಧರಯ್ಯನವರು ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಕೈ ನಡುಗುತ್ತಿತ್ತು. ಇವಳ ಮಾತೆಲ್ಲ ಕೇಳಿ, "ಗಾಜು ಯಾರು ತೊಳಿಯೋದು?" ಎಂದರು. ಈಗ ಪ್ಲಾಸ್ಟಿಕ್ಕು ತಾತ, ಒಂದು ಸಲ ಬಳಸಿ ಬಿಸಾಕೋದು ಎಂದಳು. "ಹಂಗಾದ್ರೆ ರಂಗಮ್ಮನ್ ತಪ್ಪಲ್ಲ" ಎಂದು ನನ್ನ ಕಡೆ ನೋಡಿ ನಕ್ಕು, ತೋಳು ಮಡಿಸಿ ಮುಂದಿಟ್ಟರು. "ತಗಿ. ನೀನ್ ಹೆಂಗ್ ತಗೀತೀಯ ನೋಡಾಣ."

ಅವಳು ಬ್ಯಾಗಿನಲ್ಲಿ ತಂದಿದ್ದ ಸಿರಿಂಜು, ಟ್ಯೂಬು ತೆಗೆದಳು. ಹೆದರಿ ಎರಡು ಸಲ ತಪ್ಪಿದಳು. ಮೂರನೆಯ ಸಲ ನರ ಸಿಕ್ಕಿತು. ಮುಖ ಸಿಂಡರಿಸದೆ ನೋಡುತ್ತಿದ್ದ ಗಂಗಾಧರಯ್ಯನವರು, ಅವಳು ಸೂಜಿ ಸಮೇತ ಸಿರಿಂಜನ್ನು ಟ್ಯೂಬಿಗೆ ಹಿಡಿದು ಚುರ್ ಎಂದು ಒತ್ತಿದೊಡನೆ, "ನಿಲ್ಲು ನಿಲ್ಲು!" ಎಂದರು. "ಅದ್ಯಾಕವ್ವ ಹಂಗ್ ದಬ್ತೀಯ? ಸಣ್ ಸಂದೀಲಿ ಜಾತ್ರೆ ಜನಾನ ನೂಕ್ದಂಗೆ! ಸೂಜಿ ತಗಿ. ಟ್ಯೂಬಿನ ಗೋಡೆಗ್ ಬುಡು, ಮೆತ್ತಗೆ ಜಾರ್ಲಿ."

ಉಳಿದದ್ದನ್ನು ಅವಳು ಇನ್ನೊಂದು ಟ್ಯೂಬಿಗೆ ಹಾಗೆಯೇ ಇಳಿಸಿದಳು. ಎರಡನ್ನೂ ಕಿಟಕಿಯಲ್ಲಿ ನಿಲ್ಲಿಸಿ ಕಾದೆವು. ಅವರ ಹೆಂಡತಿ ಶಾರದಮ್ಮ ಉಪ್ಪಿಟ್ಟು ಮಾಡಿಕೊಟ್ಟರು. ತಿಂದು, ಹರಟೆ ಹೊಡೆದು ನೋಡುವಷ್ಟರಲ್ಲಿ ರಕ್ತ ತಳಕ್ಕಿಳಿದು ಮೇಲೆ ತಿಳಿ ನಿಂತಿತ್ತು. ಎರಡನೆಯದರ ತಿಳಿ ಒಣಹುಲ್ಲಿನ ಬಣ್ಣ. ದಬ್ಬಿ ತುಂಬಿದ ಮೊದಲನೆಯದು ಕೆಂಪು.

ಚೈತ್ರ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. "ನಾಲ್ಕು ತಿಂಗಳದ್ದೂ ಹೋಯ್ತು ತಾತ. ನಮ್ ಗೈಡಿಗೆ ಹೇಳಿದ್ರೆ ನನ್ನ ಕೈ ಬಿಟ್ಬಿಡ್ತಾರೆ."

"ಬೈತಾರೆ, ಬೈಸ್ಕೊ. ಕೈ ಬುಟ್ರೂ ಬುಡಬೋದು, ನಾನೇನ್ ಬೇಡ ಅನ್ನೋಕಾಯ್ತದಾ?" ಎಂದರು ಅವರು. ಸುಳ್ಳು ಸಮಾಧಾನ ಹೇಳುವ ಮನುಷ್ಯನಲ್ಲ. "ಆದ್ರೆ ಪಾಪ, ಆ ಬೆಳ್ಳಿ ಕಣ ನಿಂಗೇನ್ ಮಾಡಿತ್ತವ್ವ? ಮಾಡ್ದಿರೋ ತಪ್ಪಿಗೆ ಅದಕ್ಯಾಕೆ ಕೆಟ್ಟ್ ಹೆಸ್ರು?"

ಮಾರನೆಯ ದಿನ ಹೋಗಿ ಹೇಳಿದಳು. ಗೈಡು ಒಂದು ವಾರ ಮಾತಾಡಿಸಲಿಲ್ಲ. ಎಂಟನೆಯ ದಿನ, ಮೊದಲಿಂದ ಶುರು ಮಾಡು ಅಂದರು. ಮತ್ತೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಸ್ವಲ್ಪ ಬೆರೆಸಿದರೆ ರಕ್ತಕ್ಕೆ ಏನೂ ಆಗುವುದಿಲ್ಲ, ಒಂದು ಮಿತಿ ದಾಟಿದರೆ ಒಡೆಯುತ್ತದೆ. ಆ ಮಿತಿ ಎಲ್ಲಿ ಅನ್ನುವುದನ್ನು ನನ್ನ ಮೊಮ್ಮಗಳು ಬರೆದಿದ್ದಾಳೆ. ಗಂಗಾಧರಯ್ಯನವರಿಗೆ ತೋರಿಸಬೇಕು ಎನ್ನುತ್ತಿದ್ದಳು. ಹೋದ ಕಾರ್ತಿಕದಲ್ಲಿ ಅವರು ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಇವತ್ತು ಸಂಜೆ ನನ್ನ ಮಗ ಗುಬ್ಬಿಗೆ ಹೋಗಿ ಶಾರದಮ್ಮನವರನ್ನು ಕರೆತಂದ. ಕುಣಿಗಲ್ಲಿನಿಂದ ಮಗಳು, ಅಳಿಯ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೇ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಕಾಯಿ ಹೋಳಿಗೆ. ಪರೀಕ್ಷೆಯಲ್ಲಿ ಏನೇನು ಕೇಳಿದರೆಂದು ಅಳಿಯ ಕೆದಕಿದ. "ರಕ್ತ ಒಡೆದಿದ್ದು ಕಣದಿಂದ್ಲೋ ನಿನ್ ಕೈಯಿಂದ್ಲೋ ಅಂತ ಹೆಂಗ್ ಹೇಳ್ತೀಯಮ್ಮ, ಅಂದ್ರು ಮಾವ" ಎಂದಳು ಚೈತ್ರ. "ಅದೊಂದ್ ಪ್ರಶ್ನೆಗೆ ಮಾತ್ರ ನಾನು ತಡವರಿಸಲೇ ಇಲ್ಲ."

ಶಾರದಮ್ಮನವರು ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. "ಅಯ್ಯೋ, ಆ ಕೈಯಿ!" ಎಂದರು. "ನೀನ್ ಚುಚ್ಚಿದ್ ಜಾಗ ಹಸ್ರಾಗಿ ನೀಲಿಯಾಗಿ ಒಂದ್ ವಾರ ಇತ್ತು ಕಣವ್ವ. ನಮ್ಮೋರು ತುಂಬು ತೋಳಿನ ಷರಟು ಹಾಕೋರು, ಆ ವಾರ ಪೂರ್ತಿ ತೋಳು ಮಡಿಸ್ಕೊಂಡು ಗುಬ್ಬಿಯೆಲ್ಲ ತಿರುಗುದ್ರು. ಕೇಳ್ದೋರಿಗೆಲ್ಲ, ನಮ್ ರಂಗಮ್ಮನ್ ಮೊಮ್ಮಗ್ಳು ಸೈಂಟಿಸ್ಟು, ಅವಳೇ ಚುಚ್ಚಿದ್ದು ಅನ್ನೋದು. ಕೇಳ್ದಿರೋರಿಗೂ ತೋರ್ಸೋದು."

ಎಲ್ಲರೂ ನಕ್ಕೆವು. ಚೈತ್ರಳೂ ನಗಲು ಹೋಗಿ, ತಟ್ಟೆಯ ಮೇಲೆ ತಲೆ ಬಗ್ಗಿಸಿಬಿಟ್ಟಳು. ನಾನು ಒಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟೆ. ಶಾರದಮ್ಮನವರು ಎಡಗೈಯಲ್ಲಿ ಅವಳ ಬೆನ್ನು ಸವರುತ್ತ, "ಉಣ್ಣು ಮಗ, ಆರೋಗ್ತದೆ" ಎಂದರು. ಉಂಡಳು.