ಜೊಂಡು ನೆಟ್ಟ ಗೌರಕ್ಕ

ಗೌರಕ್ಕ ಸಭೆಯಲ್ಲಿ ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಪಟ್ಟಣ ಪಂಚಾಯಿತಿಯ ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳಿದ್ದವು, ಒಂದರ ಮುಂದೆ ಅವರ ಹೆಸರಿನ ಫಲಕವೂ ಇತ್ತು. ಅವರು ಮಾತ್ರ ಕಿಟಕಿಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಭೆ ಮುಗಿಯುವ ತನಕ ನಿಂತೇ ಇರುತ್ತಿದ್ದರು. ಹೊಸದಾಗಿ ಬಂದ ಮುಖ್ಯಾಧಿಕಾರಿಗಳೆಲ್ಲ ಒಂದು ಸಲ ಕುಂದ್ರಿ ಅಮ್ಮಾರ ಅಂದು ನೋಡುತ್ತಿದ್ದರು. ಉತ್ತರ ಮಾತ್ರ ಎಲ್ಲರಿಗೂ ಒಂದೇ.

"ಕುಂತ್ರ ಚಾ ಬರ್ತೈತಿ. ಚಾ ಕುಡದ್ರ ಒಪ್ಪಿಗಿ ಬರ್ತೈತಿ. ನಾ ನಿಂತ ಇರ್ತೀನಿ, ನೀವು ಸುರು ಮಾಡ್ರಿ."

ನಾನು ಆ ಪಂಚಾಯಿತಿಯಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಭತ್ತದ ಗದ್ದೆಗಳು, ಅಕ್ಕಿ ಮಿಲ್ಲುಗಳು, ಅವುಗಳ ನಡುವೆ ಒಂದು ಊರು. ಹೆಸರು ಹೇಳಿದರೆ ಇನ್ನೂ ಅಲ್ಲೇ ನೌಕರಿಯಲ್ಲಿರುವವರಿಗೆ ತೊಂದರೆ, ಬಿಟ್ಟುಬಿಡುತ್ತೇನೆ. ಊರಿನ ಮಗ್ಗುಲಿಗೆ ಹಳೆಯ ಕೆರೆ. ಅದರ ಅಂಚಿನಲ್ಲಿ ಚರಂಡಿ ತೋಡುವುದಿರಲಿ, ಪೈಪು ಹಾಕುವುದಿರಲಿ, ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವುದಿರಲಿ, ಮೊದಲು ಕೆರೆ ಸಮಿತಿ ಅದನ್ನು ಪರಿಶೀಲಿಸಿ ಒಪ್ಪಬೇಕು. ಆ ಸಮಿತಿಯ ಸಭೆ ಕರೆಯುವುದು, ನಡಾವಳಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳು ಇರಲೆಂದು ಮಿಲ್ಲಿನ ಗೌರಕ್ಕನನ್ನು ಸೇರಿಸಿಕೊಂಡಿದ್ದರು. ದೊಡ್ಡ ಮನೆತನ. ಗಂಡ ತೀರಿಕೊಂಡ ಮೇಲೆ ಅಕ್ಕಿ ಮಿಲ್ಲನ್ನು ತಾವೇ ನಡೆಸಿ, ಈಗ ಮಗ ಮಲ್ಲಿಕಾರ್ಜುನನ ಕೈಗೆ ಕೊಟ್ಟವರು. ಸಭೆಗೆ ಮಿರ್ಚಿ ಮಂಡಕ್ಕಿ ಕಳಿಸಿ, ತೋರಿಸಿದ ಕಡೆ ರುಜು ಹಾಕಿ ಹೋಗುತ್ತಾರೆಂದು ಎಲ್ಲರೂ ಎಣಿಸಿದ್ದರು. ಮಿರ್ಚಿ ಮಂಡಕ್ಕಿ ಮಾತ್ರ ತಪ್ಪದೆ ಬರುತ್ತಿತ್ತು.

ಜೀವಮಾನವೆಲ್ಲ ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಅವರ ಗಂಟಲು ದೊಡ್ಡದಾಗಿಬಿಟ್ಟಿತ್ತು. ಗುಟ್ಟು ಹೇಳಬೇಕೆಂದು ನನ್ನನ್ನು ಕಾರಿಡಾರಿಗೆ ಕರೆದರೆ ಆ ಗುಟ್ಟು ಒಳಗಿನವರಿಗೂ ಕೇಳುತ್ತಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ನಾಲಿಗೆಯ ಮೇಲೆ ಮುಲಾಜೆಂಬುದು ಇಲ್ಲ. ಕೆಲವೊಮ್ಮೆ ಅದು ಅತಿಯಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಬೆಸ್ತರ ಓಣಿಯ ಹುಲುಗಪ್ಪನೂ ಸಮಿತಿಯ ಸದಸ್ಯ. ಮೀನಿನ ವಾಸನೆ ತಮಗೆ ಆಗದೆಂದು, ಆತ ಮಿಂದು ಮಡಿ ಉಟ್ಟು ಬಂದಿದ್ದರೂ ಸಭೆಯಲ್ಲಿ ದೂರದ ಮೂಲೆ ತೋರಿಸುತ್ತಿದ್ದರು. ಹುಲುಗಪ್ಪ ನಕ್ಕು ಹೋಗಿ ಕೂರುತ್ತಿದ್ದ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು.

ಹಳ್ಳದ ನೀರು ಕೆರೆಗೆ ಬಂದು ಸೇರುವ ಜಾಗಕ್ಕೆ ಆ ಊರಿನಲ್ಲಿ ಕೆರೆಯ ತಲೆ ಅನ್ನುತ್ತಾರೆ. ಅದು ಜೌಗು. ಮಳೆಗಾಲದಲ್ಲಿ ಆಳೆತ್ತರದ ಜೊಂಡು, ಅದರೊಳಗೆ ನೀರುಕೋಳಿಗಳ ಗೂಡು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತಾಗ ಎಲ್ಲ ಒಣಗಿ, ನೆಲ ಬಿರುಕು ಬಿಟ್ಟು, ದನ ಅಡ್ಡಾಡುವ ಬೀಳಾಗಿ ಕಾಣುತ್ತದೆ. ನಮ್ಮ ಯೋಜನೆಗಳೆಲ್ಲ ಹುಟ್ಟುವುದು ಬೇಸಿಗೆಯಲ್ಲೇ. ಅಳತೆಗೆ ಬಂದವರು ಆ ಬೀಳನ್ನು ಕಂಡರೆ ಸಾಕು, ಗೆರೆ ಎಳೆದುಬಿಡುತ್ತಿದ್ದರು. ಗೌರಕ್ಕ ಇದಕ್ಕೊಂದು ಕಟ್ಟಳೆ ಮಾಡಿದರು. ಬೇಸಿಗೆಯಲ್ಲಿ ಬರೆದ ನಕ್ಷೆಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಕಾಲುವೆ ಬಿಟ್ಟು ಕೆರೆ ತುಂಬಿದ ಮೇಲೆ ಬರಬೇಕು, ಬಂದವರು ಚಪ್ಪಲಿ ಬಿಟ್ಟು ಜೌಗಿನೊಳಗೆ ಇಳಿದು ಮಾತಾಡಬೇಕು. ಕೆರೆಯ ತಲೆಯ ನಡುವೆ ಸಾಲಾಗಿ ಕರೆಂಟ್ ಕಂಬ ನೆಡಲು ಬಂದಿದ್ದ ಗುತ್ತಿಗೆದಾರನೊಬ್ಬ ಈ ಕಟ್ಟಳೆಗೆ ನಕ್ಕು ಬೂಟು ಹಾಕಿಕೊಂಡೇ ಇಳಿದ. ಬೂಟು ಕೆಸರಿನಲ್ಲೇ ಉಳಿಯಿತು. ಕಂಬ ನೆಟ್ಟಗೆ ನಿಲ್ಲುವ ನೆಲ ಇದಲ್ಲವೆಂದು ಅವನೇ ಒಪ್ಪಿ, ತಂತಿಯನ್ನು ರಸ್ತೆಯ ಬದಿಗೆ ಹಾಯಿಸಿಕೊಂಡು ಹೋದ.

ಇಂಥ ಗೌರಕ್ಕನೇ ಒಮ್ಮೆ ಕೆರೆಯನ್ನು ಕೆಡಿಸಿದ್ದರು. ಅದನ್ನು ಬಿಟ್ಟರೆ ಈ ಚಿತ್ರ ಸುಳ್ಳಾಗುತ್ತದೆ.

ಆ ವರ್ಷ ಕೆರೆ ಚೆನ್ನಾಗಿ ತುಂಬಿತ್ತು. ಬಾಗಿನ ಬಿಡಬೇಕೆಂದು ಊರು ತೀರ್ಮಾನಿಸಿತು, ಮುಂದೆ ನಿಂತವರು ಗೌರಕ್ಕ. ಹೊಸಪೇಟೆಯಿಂದ ದೊಡ್ಡವರು ಬರುವವರಿದ್ದರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಖಣ ಇಟ್ಟು ಗಂಗಮ್ಮನಿಗೆ ಬಿಡುವಾಗ ಎದುರಿಗೆ ನಿಚ್ಚಳ ನೀರು ಕಾಣಬೇಕು, ಈ ಜೊಂಡೆಲ್ಲ ಅಡ್ಡ ನಿಂತು ಗಂಗಮ್ಮನ ಮುಖಕ್ಕೆ ಗಡ್ಡ ಬಂದ ಹಾಗಿದೆ ಅಂದರು. ಪಂಚಾಯಿತಿಯ ಜೆಸಿಬಿ ಹೋಯಿತು. ಜೊಂಡನ್ನು ಬೇರು ಸಮೇತ ಎತ್ತಿ ಏರಿಯ ಆಚೆ ಒಗೆದರು. ಬಾಗಿನ ಬಹಳ ಚಂದ ಆಯಿತು, ಕೆರೆ ಕನ್ನಡಿಯಾಯಿತು ಅಂತ ಎಲ್ಲರೂ ಹೊಗಳಿದರು. ಊರಿನ ಕೊಳಚೆಯೂ ಅದೇ ಹಳ್ಳದಲ್ಲಿ ಬರುತ್ತಿತ್ತು, ಅಷ್ಟು ಕಾಲ ಅದನ್ನು ತಡೆದು ಸೋಸುತ್ತಿದ್ದದ್ದು ಆ ಜೊಂಡೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಜೋರು ಮಳೆಗೆ ಕೊಳಚೆ ತಡೆಯಿಲ್ಲದೆ ನೇರ ಒಳಗೆ ನುಗ್ಗಿತು. ನಾಲ್ಕಾರು ದಿನಗಳಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿತು.

ಹುಲುಗಪ್ಪ ಅವತ್ತು ನಗಲಿಲ್ಲ. ತನ್ನ ಓಣಿಯವರನ್ನು ಕರೆದುಕೊಂಡು ಬುಟ್ಟಿಗಟ್ಟಲೆ ಸತ್ತ ಮೀನು ಹೊತ್ತು ತಂದು ಮಿಲ್ಲಿನ ಗೇಟಿನ ಮುಂದೆ ಸುರಿದ. ಸುದ್ದಿ ತಿಳಿದು ನಾನು ಓಡಿದೆ. ಮಲ್ಲಿಕಾರ್ಜುನ ಪೊಲೀಸರಿಗೆ ಫೋನು ಮಾಡುತ್ತಿದ್ದ. ಗೌರಕ್ಕ ಅವನ ಕೈಯಿಂದ ಫೋನು ಕಿತ್ತುಕೊಂಡು, ಸೆರಗನ್ನು ಮೂಗಿಗೆ ಒತ್ತದೆ, ಆ ರಾಶಿಯ ಎದುರಿಗೆ ಬಂದು ನಿಂತರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ವಾಸನೆಗೋ ದುಃಖಕ್ಕೋ ಅಂತ ಆಮೇಲೆ ಮಿಲ್ಲಿನ ಹೆಂಗಸರು ಆಡಿಕೊಂಡರು. ನಾನು ಹತ್ತಿರದಲ್ಲೇ ನಿಂತಿದ್ದೆ, ಅದು ದುಃಖವೇ.

"ಜೊಂಡು ಕೀಳ್ಸಿದಾಕಿ ನಾನು," ಅಂದರು. "ಯಾರ್ನೂ ಬೈಬ್ಯಾಡ್ರಿ, ನನ್ನ ಬೈರಿ. ಬೈದು ಮುಗದ ಮ್ಯಾಲ ಹೇಳು ಹುಲುಗಪ್ಪ, ಅದನ್ನ ತಿರುಗಿ ಹ್ಯಾಂಗ ಬೆಳಸೂದು."

ಹೇಗೆಂದು ಹುಲುಗಪ್ಪನಿಗೂ ಗೊತ್ತಿರಲಿಲ್ಲ. ಜೊಂಡನ್ನು ಯಾರಾದರೂ ಬೆಳೆಸಿದ್ದುಂಟೇ? ಕೊನೆಗೆ ಗೌರಕ್ಕ ತಮಗೆ ಗೊತ್ತಿದ್ದ ಒಂದೇ ವಿದ್ಯೆ ಹಿಡಿದರು. ಬೇರೆ ಊರಿನ ಹಳ್ಳದಿಂದ ಟ್ರ್ಯಾಕ್ಟರಿನಲ್ಲಿ ಜೊಂಡಿನ ಬುಡ ತರಿಸಿ, ಮಿಲ್ಲಿನ ಹೆಂಗಸರನ್ನು ಇಳಿಸಿ, ಹಗ್ಗ ಹಿಡಿದು ಸಾಲು ಮಾಡಿ ಭತ್ತದಂತೆ ನಾಟಿ ಹಾಕಿಸಿದರು. ತಾವೂ ಸೀರೆ ಎತ್ತಿ ಕಟ್ಟಿ ಇಳಿದರು. ಕೆರೆ ಒತ್ತುವರಿ ಮಾಡಿ ಗದ್ದೆ ಮಾಡುತ್ತಿದ್ದಾಳೆ ಮಿಲ್ಲಿನ ಮುದುಕಿ ಅಂತ ಯಾರೋ ಮೇಲಿನವರಿಗೆ ದೂರು ಕೊಟ್ಟರು. ತನಿಖೆಗೆ ಬಂದವರು ಸಾಲುಸಾಲು ಜೊಂಡನ್ನು ನೋಡಿ, ಏನು ಬರೆಯಬೇಕೆಂದು ತಿಳಿಯದೆ, ಕಡೆಗೆ ಮಿರ್ಚಿ ತಿಂದು ಹೋದರು. ಆಮೇಲೆ ಹುಲುಗಪ್ಪನಿಗೆ ಸಭೆಯಲ್ಲಿ ಗೌರಕ್ಕ ನಿಲ್ಲುತ್ತಿದ್ದ ಕಿಟಕಿಯ ಪಕ್ಕದ ಕುರ್ಚಿ ಸಿಕ್ಕಿತು.

ಜೊಂಡು ಹಿಡಿದು ದಟ್ಟವಾಗುವ ಹೊತ್ತಿಗೆ ಸಂತೆಕಟ್ಟೆಯ ಯೋಜನೆ ಬಂತು. ಹಳೆಯ ಸಂತೆಕಟ್ಟೆ ಕೆಡವಿ ಎರಡಂತಸ್ತಿನ ಅಂಗಡಿ ಸಂಕೀರ್ಣ. ಊರಿಗೆ ಊರೇ ಕುಣಿಯಿತು. ಮೂಲೆಯ ಮಳಿಗೆಯ ಮೇಲೆ ಮಲ್ಲಿಕಾರ್ಜುನನಿಗೂ ಕಣ್ಣಿತ್ತು. ಸಂಕೀರ್ಣದ ಜೊತೆಗೆ ಸುತ್ತಲಿನ ಓಣಿಗಳ ಹೊಲಸು ನೀರನ್ನೆಲ್ಲ ಕೂಡಿಸಿ ಒಯ್ಯುವ ಅಗಲವಾದ ಸಿಮೆಂಟ್ ಚರಂಡಿ. ನಕ್ಷೆಯಲ್ಲಿ ಅದು ಜೊಂಡನ್ನು ಸೀಳಿಕೊಂಡು ಸೀದಾ ಕೆರೆಯ ನೀರಿಗೆ ಹೋಗಿ ಮುಟ್ಟುತ್ತಿತ್ತು. ಗೌರಕ್ಕ ಆಗದು ಅಂದರು. ಆಗ ಮುಖ್ಯಾಧಿಕಾರಿ, ಬಹಳ ಮೃದುವಾದ ಮನುಷ್ಯ, ಕೈ ಜೋಡಿಸಿಕೊಂಡೇ ಕೇಳಿದರು: ನಿಮ್ಮ ಮಿಲ್ಲಿನಲ್ಲಿ ಭತ್ತ ನೆನೆಸಿದ ನೀರು ಎಲ್ಲಿಗೆ ಹೋಗುತ್ತೆ ಅಮ್ಮಾರೆ?

ಕುಸುಬಲಕ್ಕಿಗೆ ಭತ್ತ ನೆನೆಸಿದ ಆ ಹಳದಿ, ಹುಳಿ ನಾತದ ನೀರು ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಗೌರಕ್ಕನ ಗಂಡನ ಕಾಲದಲ್ಲೇ ನೆಲದೊಳಗೆ ಪೈಪು ಹಾಕಿ ಕೆರೆಯ ಹಿಂಬದಿಗೆ ಬಿಟ್ಟಿದ್ದರು. ಗುಡಿಗೆ, ಶಾಲೆಗೆ, ಜಾತ್ರೆಗೆ ಕೊಡುವ ಮನೆ, ಯಾರು ಬಾಯಿ ಬಿಡುತ್ತಾರೆ? ಗೌರಕ್ಕ ಚಪ್ಪಲಿ ಮೆಟ್ಟಿ ಹೊರಟುಹೋದರು. ಮುದುಕಿಯ ಕತೆ ಮುಗಿಯಿತು ಅಂತ ಒಬ್ಬ ಸದಸ್ಯ ನಗುತ್ತ ಮಿರ್ಚಿಗೆ ಕೈ ಹಾಕಿದ. ನಾನು ನನ್ನ ತಟ್ಟೆಯನ್ನು ದೂರ ಸರಿಸಿದೆ.

ಮರುದಿನ ಬೆಳಗ್ಗೆ ಅವರು ಗೌಂಡಿಗಳನ್ನು ಕರೆಸಿ ಆ ಪೈಪಿನ ಬಾಯಿಗೆ ಕಲ್ಲು ಸಿಮೆಂಟು ತುಂಬಿಸಿದರು. ಸುಗ್ಗಿಯ ಕಾಲ, ಭತ್ತದ ಲಾರಿಗಳು ಗೇಟಿನ ಹೊರಗೆ ಸಾಲು ನಿಂತಿದ್ದ ಹೊತ್ತು. ಕುಸುಬಲಕ್ಕಿ ಕೆಲಸ ನಿಂತಿತು. ಮಲ್ಲಿಕಾರ್ಜುನ ಅಂಗಳದಲ್ಲಿ ನಿಂತು ತಾಯಿಯನ್ನು ಬಾಯಿಗೆ ಬಂದಂತೆ ಅಂದ. ಅವರು ಮಿಲ್ಲಿನ ಹಿಂದಿನ ತೋಟ ತೋರಿಸಿ, ಅಲ್ಲಿ ಹೊಂಡ ತೋಡು, ನಮ್ಮ ನೀರು ನಮ್ಮ ಹೊಲದಾಗ ಇರಲಿ ಅಂದರಂತೆ. ಹೊಂಡವಾಗುವ ತನಕ ಭತ್ತ ನೆನೆಸದೆ ಮಾಡುವ ಬೆಳ್ತಿಗೆ ಅಕ್ಕಿ ಮಾತ್ರ ಓಡಿತು. ಆ ಸುಗ್ಗಿ ಪೂರ್ತಿ ಮಗ ಅವರ ಜೊತೆ ಮಾತು ಬಿಟ್ಟ, ಊಟಕ್ಕೆ ಬೀಗರ ಮನೆಗೆ ಹೋದ. ಗೌರಕ್ಕ ಹೊರಗೆ ಏನೂ ತೋರಿಸಲಿಲ್ಲ. ಆದರೆ ನಾನು ಮನೆಗೆ ಹೋದಾಗಲೆಲ್ಲ ಒತ್ತಾಯ ಮಾಡಿ ರೊಟ್ಟಿ ಬಡಿಸುತ್ತಿದ್ದರು, ಬಡಿಸಿ ಎದುರಿಗೆ ನಿಂತು ನಾನು ಉಣ್ಣುವುದನ್ನೇ ನೋಡುತ್ತಿದ್ದರು.

ಮುಂದಿನ ಸಭೆಗೆ ಅವರು ಎಲ್ಲರಿಗಿಂತ ಮೊದಲು ಬಂದರು.

"ನನ್ನ ಬಾಯಿ ಮುಚ್ಚಾಕ ನಮ್ಮ ಮಿಲ್ಲಿನ ನೀರು ತಂದ್ರಿ. ಭಾಳ ಚಲೋ ಮಾಡಿದ್ರಿ," ಅಂದರು. "ಆ ನೀರು ನಿಂತೈತಿ, ಹೋಗಿ ನೋಡ್ಕೊಂಡು ಬರ್ರಿ. ಈಗ ನಿಮ್ಮ ನೀರಿನ ಮಾತು ಹೇಳ್ರಿ. ಅಂಗಡಿ ಕಟ್ರಿ, ಮಸ್ತ್ ಕಟ್ರಿ, ನಾ ಬ್ಯಾಡ ಅಂದಿಲ್ಲ. ಹೊಲಸು ನೀರು ಕೆರಿಗೆ ಬ್ಯಾಡ."

ಮೊದಲು ಕೈ ಎತ್ತಿದವನು ಹುಲುಗಪ್ಪ. ಆಮೇಲೆ ಒಬ್ಬೊಬ್ಬರಾಗಿ, ಮುಖ್ಯಾಧಿಕಾರಿಯ ಮುಖ ನೋಡದೆ, ಉಳಿದವರೂ ಎತ್ತಿದರು. ಚರಂಡಿಯನ್ನು ಊರಿನ ಆಚೆ ನೀರು ಶುದ್ಧೀಕರಿಸುವ ಘಟಕದ ಕಡೆ ತಿರುಗಿಸಿ ಹೊಸ ನಕ್ಷೆ ತರಬೇಕೆಂದು ನಾನು ನಡಾವಳಿ ಬರೆದೆ. ನನ್ನ ನೌಕರಿಯಲ್ಲಿ ಅಷ್ಟು ಸಂತೋಷದಿಂದ ಬರೆದ ಸಾಲು ಇನ್ನೊಂದಿಲ್ಲ.

ಇದನ್ನು ಮರೆಯುವಷ್ಟು ದೊಡ್ಡ ಮನಸ್ಸು ಯಾರಿಗಿತ್ತು? ಸಮಿತಿಯ ಅವಧಿ ಮುಗಿದಾಗ ಹೊಸ ಸದಸ್ಯರಲ್ಲಿ ಗೌರಕ್ಕ ಇರಲಿಲ್ಲ. ಅವರ ಜಾಗಕ್ಕೆ ಮಲ್ಲಿಕಾರ್ಜುನನನ್ನು ತಂದರು. ಹಳೆಯ ನಕ್ಷೆಯೇ ಧೂಳು ಕೊಡವಿಕೊಂಡು ತಿರುಗಿ ಬಂತು, ಬಂದದ್ದೂ ಬೇಸಿಗೆಯಲ್ಲೇ. ಕೆರೆಯ ತಲೆ ಕೆರೆಯೇ ಅಲ್ಲ, ಬೀಳು ಜಾಗ ಅಂತ ಸ್ಥಳ ಪರಿಶೀಲನೆಯ ವರದಿಗೆ ನಾನು ಸಹಿ ಹಾಕಿದರೆ ಸಾಕಿತ್ತು. ಹಾಕುವುದಿಲ್ಲ ಅಂದೆ. ಎರಡನೆಯ ಸಲ ಕರೆದು ಕೇಳಿದರು. ಆಗಲೂ ಹಾಕುವುದಿಲ್ಲ ಅಂದೆ. ಸಂಡೂರು ತಾಲ್ಲೂಕಿಗೆ ವರ್ಗವಾಯಿತು.

ನನ್ನ ಜಾಗಕ್ಕೆ ಬಂದವನೂ ಸಹಿ ಹಾಕಲಿಲ್ಲ. ಕಾಲುವೆ ಬಿಟ್ಟ ಮೇಲೆ ಗೌರಕ್ಕ ಅವನನ್ನು ಮನೆಗೆ ಕರೆದು ಉಣ್ಣಿಸಿ, ಕೈ ಹಿಡಿದು ಜೊಂಡಿನೊಳಗೆ ಇಳಿಸಿದರಂತೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಬಂದವನು ಅದನ್ನು ಬೀಳು ಎಂದು ಹೇಗೆ ಬರೆದಾನು? ಇವತ್ತಿನ ತನಕ ಆ ಚರಂಡಿ ಕೆರೆಯನ್ನು ಮುಟ್ಟಿಲ್ಲ. ಮುಂದೆ ಮುಟ್ಟಬಹುದು, ಮುಟ್ಟಿಸುವವರಿಗೇನು ಬರವೇ. ಆದರೆ ಅದು ಬೀಳು ಜಾಗವೆಂದು ಯಾರೇ ಬರೆದರೂ ಅದು ಸುಳ್ಳು ಅಂತ ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ, ಇಲ್ಲಿ ಹೇಳಿಯೂ ಇದ್ದೇನೆ.

ಗೌರಕ್ಕ ತೀರಿಕೊಂಡ ದಿನ ನಾನು ಸಂಡೂರು ತಾಲ್ಲೂಕಿನ ಚೋರನೂರಿನ ಹತ್ತಿರ ಕುಡಿಯುವ ನೀರಿನ ಕೆಲಸದ ಮೇಲಿದ್ದೆ. ಫೋನು ಮಾಡಿದವನು ಹುಲುಗಪ್ಪ, ಮಾತು ಮುಗಿಸಲಾಗದೆ ಇಟ್ಟುಬಿಟ್ಟ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲು ಸಿಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಹಾಗಾಗಿ ನನಗೆ ಉಳಿದಿರುವ ಕಡೆಯ ಭೇಟಿಯೆಂದರೆ ವರ್ಗದ ಆದೇಶ ಬಂದ ದಿನದ್ದು. ಅವರ ಮುಂದೆ ಅತ್ತುಬಿಡಬೇಕೆಂದೇ ಹೋಗಿದ್ದೆ. ಮಿಲ್ಲಿನ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ಗೌರಕ್ಕ ಬಗ್ಗಿ ಹಿಡಿ ಕಾಳು ತೆಗೆದು, ಹಲ್ಲಿನಲ್ಲಿ ಒಂದನ್ನು ಕಡಿದು ಹಸಿ ಎಷ್ಟಿದೆಯೆಂದು ನೋಡುತ್ತಿದ್ದರು. ನನ್ನ ಮುಖ ನೋಡಿಯೇ ಸುದ್ದಿ ಗೊತ್ತಾಗಿರಬೇಕು.

"ಸಹಿ ಮಾಡಿದೇನು?"

"ಇಲ್ರಿ ಅಕ್ಕಾರ."

"ಮತ್ಯಾಕ ಮಾರಿ ಹಿಂಗ ಮಾಡ್ಕೊಂಡಿ?"

ಸಂಡೂರಿನ ಕಡೆ ಹಾಕಿದ್ದಾರೆ ಅಂದೆ. ಇಷ್ಟು ಮಾಡಿದ್ದಕ್ಕೆ ಸಿಕ್ಕಿದ್ದು ಇದೇ ನೋಡ್ರಿ ಅಂತ ಇನ್ನೂ ಏನೇನೋ ಹೇಳುವವನಿದ್ದೆ. ಅವರು ಕಾಳಿನ ಹೊಟ್ಟು ಉಗುಳಿ, ನಡುವೆಯೇ ಕೇಳಿದರು.

"ಅಲ್ಲಿ ಕೆರಿ ಅದಾವೇನು?"

"ಅದಾವ್ರಿ."

"ಮತ್ತ ಜಲ್ದಿ ಹೋಗು ತಮ್ಮಾ. ಅಲ್ಲಿಗೂ ಒಬ್ರು ಬೇಕಲ್ಲ."